ಅಳಿಸುವ ಮುನ್ನ ಒಂದು ಮಾತು

ಸ್ವಾಮಿಗಳೇ, ಮಾಲೆ ಹಾಕಿದ ಮೇಲೆ 41 ದಿನ ಮಾತಿಗೂ ವ್ರತ ಅಂತೀವಿ. ಆ ವ್ರತ ನನ್ನ ನಾಲಿಗೆಗೋ, ಎದುರಿನವರ ಬಾಯಿಗೋ?

ಬೈಗುಳ, ಜಾತಿ ಎತ್ತಿ ಆಡಿದ ಮಾತು, ಯಾರದೋ ಫೋನ್ ನಂಬರ್ ಬಂದರೆ ಅಡ್ಮಿನ್ ತಕ್ಷಣ ತೆಗೆಯಲಿ. ಆದರೆ ಯಾತ್ರೆ ಬಸ್ಸಿನ ಲೆಕ್ಕ ಕೇಳಿದ ಮೆಸೇಜನ್ನು ‘ವ್ರತದಲ್ಲಿ ಜಗಳ ಬೇಡ’ ಅಂತ ಅಳಿಸುವುದನ್ನು ನಾನು ಒಪ್ಪಲ್ಲ. ಗುರುಸ್ವಾಮಿಯನ್ನೂ ವಿನಯದಿಂದ ಪ್ರಶ್ನೆ ಕೇಳಬಹುದಲ್ಲ!

‘ಕೇಸ್ ಬಿದ್ದರೆ ಅಡ್ಮಿನ್ ತಲೆಗೆ’ ಅನ್ನುವ ಭಯವೂ ಇದೆ. 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಹೇಳಿದ್ದು: ಒಂದೇ ಉದ್ದೇಶದಿಂದ ಕೈಜೋಡಿಸದಿದ್ದರೆ, ಸದಸ್ಯ ಹಾಕಿದ ಆಕ್ಷೇಪಾರ್ಹ ಮೆಸೇಜಿಗೆ ವಾಟ್ಸಾಪ್ ಅಡ್ಮಿನ್ ಹೊಣೆಯಲ್ಲ.

ನಾನು ಸಪೋರ್ಟ್ ಕೆಲಸದವನು. ಟಿಕೆಟ್ ಡಿಲೀಟ್ ಮಾಡಿದರೆ ಕೆಟ್ಟ ಪ್ರಿಂಟರ್ ಸರಿಹೋಗಲ್ಲ. ಲೆಕ್ಕ ಹಾಕಿಬಿಡಿ. ಏನಾದರೂ ಅಳಿಸಲೇಬೇಕಾದರೆ, ಯಾಕೆ ಅಂತ ಒಂದು ಸಾಲು ಬರೆದು ಅಳಿಸಿ.