ಊರು ಬಿಡಬೇಕಾದವರು ಯಾರು?

ಹೊಳೆಮಣ್ಣೂರಿನಂಥ ಮಲಪ್ರಭೆ ದಂಡೆಯ ಊರುಗಳಿಗೆ ಊರು ಬಿಡುವುದು ಹೊಸತಲ್ಲ. 2009ರ ನೆರೆಯಲ್ಲಿ ಈ ಭಾಗದ ಎಷ್ಟೋ ಕುಟುಂಬಗಳು ಮನೆ ಬಿಟ್ಟವು. ಮಳೆ ಕೈಕೊಟ್ಟ ವರ್ಷ ರೋಣ ತಾಲ್ಲೂಕಿನ ದುಡಿಯುವ ಮಂದಿ ಗೋವಾ, ಮಂಗಳೂರಿನ ಕಡೆ ಗುಳೆ ಹೋಗುತ್ತಾರೆ. ಮಕ್ಕಳು ಒಮ್ಮೆ ಜೊತೆಯಲ್ಲಿ, ಒಮ್ಮೆ ಅಜ್ಜಿಯ ಹತ್ತಿರ. ಇದಕ್ಕೆ ಯಾರೂ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಗಂಡ ಹೆಂಡತಿ ಬೇರೆಯಾದ ಮೇಲೆ ಮಾತ್ರ ಅದೇ ಪ್ರಯಾಣ ಕೋರ್ಟಿನ ತಕರಾರಾಗುತ್ತದೆ.

1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 26ನೇ ಕಲಂ ಪ್ರಕಾರ, ಕೋರ್ಟು ನೇಮಿಸಿದ ಪೋಷಕರು ಅದರ ಅನುಮತಿಯಿಲ್ಲದೆ ಮಗುವನ್ನು ಆ ಕೋರ್ಟಿನ ವ್ಯಾಪ್ತಿಯಿಂದ ಹೊರಗೆ ಒಯ್ಯುವಂತಿಲ್ಲ. ಮಗುವಿನ ಹಿತವೇ ಮುಖ್ಯ ಎಂಬ ತತ್ವವೂ ಅದರ ಜೊತೆಗಿದೆ. ಎರಡೂ ಸರಿಯೇ. ಆದರೆ ಈ ಕಟ್ಟು ಬೀಳುವುದು ಮಗುವನ್ನು ಸಾಕುತ್ತಿರುವವರ ಕಾಲಿಗೆ ಮಾತ್ರ. ಇನ್ನೊಬ್ಬರು ನಾಳೆಯೇ ಪಣಜಿಗೋ ಪುಣೆಗೋ ಹೊರಟರೆ ಅರ್ಜಿ ಬೇಕಿಲ್ಲ. ಇಬ್ಬರ ಪ್ರೀತಿಯೂ ಮಗುವಿನ ಹಕ್ಕು ಎನ್ನುವುದಾದರೆ ಆ ಹಕ್ಕಿನ ಹೊರೆ ಒಬ್ಬರ ಹೆಗಲ ಮೇಲಷ್ಟೇ ಏಕೆ?

ಆಸ್ಟ್ರೇಲಿಯಾದ ಹೈಕೋರ್ಟ್ ಮುಂದೆ 2002ರಲ್ಲಿ ಭಾರತ ಮೂಲದ ದಂಪತಿಯದೇ ಒಂದು ಪ್ರಕರಣ ಬಂತು. ತಾಯಿ ಮಗಳೊಂದಿಗೆ ಮುಂಬೈಗೆ ಮರಳಬೇಕೆಂದಿದ್ದಳು, ತಂದೆ ಒಪ್ಪಲಿಲ್ಲ. ಬಹುಮತದ ತೀರ್ಪು ತಾಯಿಯ ವಿರುದ್ಧ ಹೋಯಿತು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಮೇರಿ ಗಾಡ್ರನ್ ಬೇರೆಯವರು ಕೇಳದೆ ಬಿಟ್ಟದ್ದನ್ನು ಕೇಳಿದರು: ತಂದೆಯೇ ಭಾರತಕ್ಕೆ ಮರಳಬಹುದಲ್ಲ, ಅದನ್ನು ಯಾರಾದರೂ ಪರಿಶೀಲಿಸಿದರೇ? ಗಂಡಸು ಇರುವ ಜಾಗ ಪ್ರಶ್ನಾತೀತ, ಹೆಂಗಸಿನದು ಮಾತ್ರ ಪ್ರಶ್ನಾರ್ಹ ಎಂಬ ಗ್ರಹಿಕೆಯನ್ನು ಅವರು ಲಿಂಗತಾರತಮ್ಯ ಎಂದೇ ಕರೆದರು.

ಇದಕ್ಕೆ ಎದುರುವಾದವೂ ಹಗುರದ್ದಲ್ಲ. ಎರೆ ಹೊಲವನ್ನು ಹೊತ್ತುಕೊಂಡು ಹೆಂಡತಿಯ ತವರಿಗೆ ಹೋಗಲಾದೀತೇ? ಕೂಲಿ ಬಿಟ್ಟು ವಾರವಾರ ಬಸ್ಸು ಹತ್ತುವ ಶಕ್ತಿ ಎಷ್ಟು ಅಪ್ಪಂದಿರಿಗಿದೆ? ಹೆತ್ತವರಲ್ಲಿ ದೂರವಿರುವವರಿಗೆ ದಿನಕ್ಕೆ ಐದು-ಹತ್ತು ನಿಮಿಷವಾದರೂ ಮಗುವಿನೊಡನೆ ಮಾತಾಡುವ ಹಕ್ಕಿರಬೇಕೆಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿತು. ಅಗತ್ಯವಾದದ್ದೇ. ಆದರೆ ಮಗುವಿಗೆ ಜ್ವರ ಬಂದ ರಾತ್ರಿ ಫೋನಿನಲ್ಲಿ ಹಣೆ ಮುಟ್ಟಿ ನೋಡಲಾಗುವುದಿಲ್ಲ.

ಅದೇ ವರ್ಷದ ಅಕ್ಟೋಬರಿನಲ್ಲಿ ಬೆಂಗಳೂರಿನ ಒಬ್ಬ ತಾಯಿಗೆ ನೌಕರಿಯ ಸಲುವಾಗಿ ಮಗನೊಂದಿಗೆ ಸಿಂಗಪುರಕ್ಕೆ ಹೋಗಲು ಅದೇ ಕೋರ್ಟು ಅನುಮತಿ ಕೊಟ್ಟಿತು. ದುಡಿಮೆಗಾಗಿ ಊರು ಬಿಡುವ ತಾಯಿ ಮಗುವಿನ ಹಿತಕ್ಕೆ ಎದುರಾಳಿಯೇನಲ್ಲ ಎಂಬುದಕ್ಕೆ ಅಷ್ಟರಮಟ್ಟಿಗೆ ಬಲ ಬಂತು. ಆದರೆ ಸಿಂಗಪುರದ ತನಕ ಹೋಗುವವರಿಗೆ ವಕೀಲರಿದ್ದಾರೆ. ತವರಿಗೆ ಬಂದು ಕುಳಿತವಳಿಗೆ ಮೊದಲು ಎದುರಾಗುವುದು ಶಾಲೆ. ಅಪ್ಪ ಬಂದು ಸಹಿ ಹಾಕಲಿ, ಟಿ.ಸಿ. ತರಲಿ, ಆಮೇಲೆ ಸೇರಿಸಿಕೊಳ್ಳೋಣ ಎಂದರೆ ಅವಳು ಎಲ್ಲಿಗೆ ಹೋಗಬೇಕು? 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ, ಅದರ ವ್ಯಾಪ್ತಿಯ ಶಾಲೆಗಳಲ್ಲಿ ಟಿ.ಸಿ. ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ. ಈ ಸಾಲು ಹೆಚ್ಚಿನ ತಾಯಂದಿರಿಗೆ ಗೊತ್ತಿರಲಾರದು.

ತಂದೆಗೆ ಹೋಗಲಾಗುವುದಿಲ್ಲ ಎಂಬ ಉತ್ತರ ಅನೇಕ ಸಲ ನಿಜವೇ ಇದ್ದೀತು. ಆದರೂ ಕೇಳಬೇಕು. ಏಕೆ ಹೋಗುತ್ತೀರಿ ಎಂದು ತಾಯಿಯನ್ನು ಕೇಳುವ ಕೋರ್ಟು, ನೀವೂ ಆ ಕಡೆ ಬರಬಹುದೇ, ಆಗದಿದ್ದರೆ ರಜೆಯಲ್ಲಿ ಮಗುವನ್ನು ಕರೆತರುವ ಖರ್ಚಿನಲ್ಲಿ ನಿಮ್ಮ ಪಾಲೆಷ್ಟು ಎಂದು ತಂದೆಯನ್ನೂ ಕೇಳಿ, ಆ ಉತ್ತರವನ್ನು ಆದೇಶದಲ್ಲಿ ಬರೆಸಲಿ.