ಸೀಮೋಲ್ಲಂಘನ ಮತ್ತು ಉಪಸಂಹಾರ

ನವರಾತ್ರಿಯ ಆರಾಧನೆ ಮುಗಿದು ಬರುವ ವಿಜಯದಶಮಿಯು ಮಹಾರಾಷ್ಟ್ರದಲ್ಲಿ ಸೀಮೋಲ್ಲಂಘನದ ದಿನವೆಂದು ಪ್ರಸಿದ್ಧವಾಗಿದೆ. ಅಂದು ಊರಿನ ಎಲ್ಲೆಯನ್ನು ದಾಟಿ ಹೋಗಿ, ಶಮೀಪೂಜೆ ಮಾಡಿ, ಆಪಟೆಯ ಎಲೆಯನ್ನು ಬಂಗಾರವೆಂದು ಹಂಚುವರು. ಬನ್ನಿಯನ್ನು ಕೊಟ್ಟು ಬಂಗಾರದಂತೆ ಇರೋಣವೆಂದು ಹಾರೈಸುವ ಧಾರವಾಡ, ವಿಜಾಪುರ, ಬೆಳಗಾವಿಗಳ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಪದ್ಧತಿಯು ಪರಕೀಯವೆನಿಸುವುದಿಲ್ಲ. ಆದರೆ ಪೇಶವೆಗಳ ಕಾಲದಲ್ಲಿ ಸೀಮೋಲ್ಲಂಘನವು ಕೇವಲ ಆಚಾರವಾಗಿರಲಿಲ್ಲ. ಮಳೆ ನಿಂತು, ಹೊಳೆಗಳು ಇಳಿದು, ದಾರಿಗಳು ಒಣಗುವ ಹೊತ್ತಿಗೆ ದಸರೆ ಬರುತ್ತಿತ್ತು. ದಸರೆಯೊಡನೆ ದಂಡಯಾತ್ರೆ ಹೊರಡುತ್ತಿತ್ತು.

ಹೊರಟ ಸೇನೆಗಳೆಲ್ಲ ಮರಳಿ ಬರಲಿಲ್ಲ. ಸದಾಶಿವರಾವ್ ಭಾವೂ ಉತ್ತರಕ್ಕೆ ನಡೆಸಿಕೊಂಡು ಹೋದ ಮಹಾಸೈನ್ಯವು 1761ರ ಜನವರಿ 14ರಂದು ಪಾಣಿಪತದಲ್ಲಿ ನಾಶವಾಯಿತು. ಮಗ ವಿಶ್ವಾಸರಾಯನನ್ನೂ ಆ ರಣರಂಗದಲ್ಲಿ ಕಳೆದುಕೊಂಡ ನಾನಾಸಾಹೇಬ ಪೇಶವೆಯು ಅದೇ ವರ್ಷದ ಜೂನ್ ತಿಂಗಳಿನಲ್ಲಿ, ಶೋಕದಿಂದ ಜರ್ಝರಿತನಾಗಿ, ಪುಣೆಯ ಪರ್ವತಿ ಗುಡ್ಡದ ಮೇಲೆ ಕಣ್ಣು ಮುಚ್ಚಿದನು. ಪರ್ವತಿಯ ಮೆಟ್ಟಿಲುಗಳನ್ನೇರಿ ದೇವದೇವೇಶ್ವರನ ದರ್ಶನ ಪಡೆಯುವ ಭಕ್ತರು ಆ ಮನೆಯ ಸ್ಥಳವನ್ನೂ ನೋಡಿಯೇ ಇಳಿಯುತ್ತಾರೆ. ಎಲ್ಲೆಯನ್ನು ದಾಟುವುದಕ್ಕೆ ಮುಹೂರ್ತವುಂಟು, ಪೂಜೆಯುಂಟು, ಹಬ್ಬವುಂಟು. ಮರಳಿ ಬರುವುದಕ್ಕೆ ಏನುಂಟು? ಉತ್ತರದವರು ದೀಪಾವಳಿಯನ್ನು ಶ್ರೀರಾಮನು ಅಯೋಧ್ಯೆಗೆ ಮರಳಿದ ದಿನವೆಂದು ಆಚರಿಸುವುದನ್ನು ಬಿಟ್ಟರೆ ಪಂಚಾಂಗವು ಈ ವಿಷಯದಲ್ಲಿ ಬಹುಮಟ್ಟಿಗೆ ಮೌನವಾಗಿದೆ. ಶಾಸ್ತ್ರಪುರಾಣಗಳು ಮಾತ್ರ ಮೌನವಾಗಿಲ್ಲ.

ಮಹಾಭಾರತದ ಸೌಪ್ತಿಕಪರ್ವದ ಪ್ರಸಂಗವೊಂದನ್ನು ಆಯುಧಪೂಜೆಯ ದಿನಗಳಲ್ಲಿ ಸ್ಮರಿಸುವುದು ಉಚಿತ. ಯುದ್ಧ ಮುಗಿದಿದೆ. ಮಲಗಿದ್ದ ದ್ರೌಪದಿಯ ಮಕ್ಕಳನ್ನು ರಾತ್ರಿಯಲ್ಲಿ ಕೊಂದ ಅಶ್ವತ್ಥಾಮನು ಗಂಗಾತೀರದಲ್ಲಿ ವ್ಯಾಸರ ಬಳಿ ಅಡಗಿದ್ದಾನೆ. ಭೀಮನೂ ಅವನ ಹಿಂದೆ ಕೃಷ್ಣಾರ್ಜುನರೂ ಬರುವುದನ್ನು ಕಂಡು ಒಂದು ಹುಲ್ಲುಕಡ್ಡಿಯನ್ನೆತ್ತಿ, ಅದರಲ್ಲಿ ಬ್ರಹ್ಮಶಿರೋಸ್ತ್ರವನ್ನು ಆವಾಹಿಸಿ, ಪಾಂಡವರು ಇಲ್ಲವಾಗಲೆಂದು ಪ್ರಯೋಗಿಸಿಬಿಡುತ್ತಾನೆ. ಅರ್ಜುನನೂ ಅದೇ ಅಸ್ತ್ರವನ್ನು ಬಿಡಬೇಕಾಗುತ್ತದೆ. ಆದರೆ ಅವನು ಬಿಡುವ ಮೊದಲು ಗುರುಪುತ್ರನಿಗೆ ಒಳ್ಳೆಯದಾಗಲೆಂದು ಹಾರೈಸುತ್ತಾನೆ, ಆ ಬಳಿಕ ತನಗೂ ತನ್ನ ಸಹೋದರರಿಗೂ. ಅಸ್ತ್ರದಿಂದ ಅಸ್ತ್ರವು ಶಮನವಾಗಲೆಂಬುದಷ್ಟೇ ಅವನ ಸಂಕಲ್ಪ. ಎರಡು ಬೆಂಕಿಗಳ ನಡುವೆ ನಾರದ, ವ್ಯಾಸರು ಬಂದು ನಿಂತು, ಇಬ್ಬರೂ ಹಿಂದೆಗೆದುಕೊಳ್ಳಿರೆಂದು ಆಜ್ಞಾಪಿಸುತ್ತಾರೆ. ಅರ್ಜುನನು ಕೂಡಲೇ ಹಿಂದೆಗೆದುಕೊಳ್ಳುತ್ತಾನೆ. ಅಶ್ವತ್ಥಾಮನಿಗೆ ಅದು ಸಾಧ್ಯವಾಗುವುದಿಲ್ಲ.

ಏಕೆ ಸಾಧ್ಯವಾಗಲಿಲ್ಲವೆಂಬುದನ್ನೂ ಮೂಲವು ಹೇಳುತ್ತದೆ. ವ್ರತನಿಷ್ಠನಲ್ಲದವನು ಆ ಅಸ್ತ್ರವನ್ನು ಬಿಡಬಲ್ಲನೇ ಹೊರತು ಹಿಂದಕ್ಕೆ ಕರೆಯಲಾರನು. ಕರೆಯಲು ಹೋದರೆ ಅದು ಅವನ ತಲೆಯನ್ನೇ ಕತ್ತರಿಸುತ್ತದೆ. ದ್ರೋಣರಿಗೆ ಮಗನ ಚಂಚಲಸ್ವಭಾವವು ತಿಳಿದಿತ್ತು. ಅರ್ಜುನನಿಗೆ ಪ್ರೀತಿಯಿಂದ ಕೊಟ್ಟುದನ್ನು ಮಗನಿಗೆ ಮನಸ್ಸಿಲ್ಲದೆ, ಮನುಷ್ಯರ ಮೇಲೆ ಎಂದೂ ಬಿಡಬೇಡವೆಂಬ ಎಚ್ಚರಿಕೆಯೊಡನೆ ಕೊಟ್ಟಿದ್ದರು. ಧನುರ್ವಿದ್ಯೆಯಲ್ಲಿ ಪ್ರಯೋಗವು ಅರ್ಧ ಪಾಠ, ಉಪಸಂಹಾರವು ಉಳಿದರ್ಧ. ಅರ್ಧ ಕಲಿತವನು ಬಿಟ್ಟ ಅಸ್ತ್ರವು ಕೊನೆಗೆ ಬಿದ್ದುದು ಉತ್ತರೆಯ ಗರ್ಭದ ಮೇಲೆ. ಆ ಶಿಶುವು ಯಾವ ಪಕ್ಷದಲ್ಲಿಯೂ ಬಿಲ್ಲು ಹಿಡಿದಿರಲಿಲ್ಲ.

ಪುಣೆಯ ಕನ್ನಡಿಗರು ಈ ಕಥೆಯನ್ನು ಪುರಾಣವೆಂದಷ್ಟೇ ಓದಿ ಬದಿಗಿಡುವಂತಿಲ್ಲ. ಭಾರತದ ಸೇನೆಯು ಸಮುದ್ರ ದಾಟಿ ಲಂಕೆಗೆ ಹೋದ ಕಾಲವು ಅನೇಕ ಹಿರಿಯರಿಗೆ ಚೆನ್ನಾಗಿ ನೆನಪಿದೆ. 1987ರ ಜುಲೈ 29ರಂದು ಪ್ರಧಾನಿ ರಾಜೀವ್ ಗಾಂಧಿಯವರೂ ಶ್ರೀಲಂಕೆಯ ಅಧ್ಯಕ್ಷ ಜಯವರ್ಧನೆಯವರೂ ಕೊಲಂಬೋದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಅದರಂತೆ ಶಾಂತಿಪಾಲನಾ ಪಡೆಯು ಜಾಫ್ನಾಕ್ಕೆ ಹೋಯಿತು. ಅದರ ಸಮಗ್ರ ಹೊಣೆಯು ಆರಂಭದಲ್ಲಿ ಬಿದ್ದುದು ಪುಣೆಯಲ್ಲಿ ಕೇಂದ್ರಕಚೇರಿಯಿರುವ ದಕ್ಷಿಣ ಕಮಾಂಡಿನ ದಂಡನಾಯಕ ಲೆಫ್ಟಿನೆಂಟ್ ಜನರಲ್ ದೀಪಿಂದರ್ ಸಿಂಗರ ಮೇಲೆ. ಬೆಳಗಾವಿಯಲ್ಲಿ ತರಬೇತಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯವರೂ ಹೋದವರಲ್ಲಿದ್ದರು. ಹೀಗಾಗಿ ಆ ದಂಡಯಾತ್ರೆಯು ಈ ಊರಿಗೂ ಕರ್ನಾಟಕಕ್ಕೂ ದೂರದ ವಾರ್ತೆಯಾಗಿರಲಿಲ್ಲ.

ಹೋದ ಉದ್ದೇಶವು ಯುದ್ಧವಲ್ಲ. ತಮಿಳು ಉಗ್ರರಿಂದ ಆಯುಧಗಳನ್ನು ಇಳಿಸಿಡಿಸಿ, ಅಲ್ಲಿನ ತಮಿಳರಿಗೆ ಅಧಿಕಾರದ ಪಾಲು ದೊರೆಯುವವರೆಗೆ ಶಾಂತಿಯನ್ನು ಕಾಯುವುದಷ್ಟೇ ಕೆಲಸ. ಆಗಸ್ಟ್ ತಿಂಗಳಿನಲ್ಲಿ ಹುಲಿಗಳು ಕೆಲವು ಆಯುಧಗಳನ್ನು ಒಪ್ಪಿಸಿದ್ದೂ ಉಂಟು. ಆದರೆ ಅಕ್ಟೋಬರ್ ಹೊತ್ತಿಗೆ, ಆಯುಧಗಳನ್ನು ಇಳಿಸಿಡಿಸಲು ಹೋದವರೇ ಆಯುಧಗಳನ್ನೆತ್ತಬೇಕಾಯಿತು. ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಯೋಧರಲ್ಲಿ 29 ಮಂದಿ ಮಡಿದರು, ಒಬ್ಬನು ಸೆರೆಯಾದನು. ಅವರ ಹಿಂದೆಯೇ ಇಳಿಯಬೇಕಾಗಿದ್ದವರು ಗುಂಡಿನ ಮಳೆಯಿಂದಾಗಿ ಇಳಿಯಲಾಗಲಿಲ್ಲ. ಚಕ್ರವ್ಯೂಹದ ಬಾಗಿಲಿನಲ್ಲಿ ಸೈಂಧವನು ಭೀಮಾದಿಗಳನ್ನು ತಡೆದು ನಿಂತ ಸಂದರ್ಭವು ಇಲ್ಲಿ ತಾನಾಗಿ ನೆನಪಾಗುತ್ತದೆ. ಒಳಹೊಗುವ ವಿದ್ಯೆಯನ್ನಷ್ಟೇ ಬಲ್ಲ ಬಾಲಕನನ್ನು, ಹಿಂದೆಯೇ ಬರುವೆವೆಂದು ಹೇಳಿ ಮುಂದೆ ಕಳುಹಿಸಿದವರು ಹಿರಿಯರು. ಅಭಿಮನ್ಯುವಿನ ಶೌರ್ಯವನ್ನು ಹೊಗಳುವಾಗ ಆ ಹಿರಿಯರ ಪಾಲಿನ ಹೊಣೆಯು ಹರಿಕಥೆಗಳಲ್ಲಿ ಹೇಗೋ ಮರೆಯಾಗಿಬಿಡುತ್ತದೆ.

ಅದೇ ವರ್ಷದ ನವೆಂಬರ್ 25ರಂದು, ಎದೆಗೆ ಗುಂಡು ತಗುಲಿದ ಮೇಲೂ ವೈರಿಯ ಕೈಯ ಬಂದೂಕನ್ನು ಕಸಿದುಕೊಂಡು ಹೋರಾಡಿ ಮಡಿದ ಮಹಾರ್ ರೆಜಿಮೆಂಟಿನ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಪರಮವೀರಚಕ್ರವು ಸಂದಿತು. ಶೌರ್ಯಕ್ಕೆ ಕೊರತೆಯಿರಲಿಲ್ಲ. ಉತ್ತರೆಯ ಗರ್ಭದ ಕಥೆಯೂ ಅಲ್ಲಿ ನಡೆಯದೆ ಇರಲಿಲ್ಲ. ಆ ವರ್ಷದ ದೀಪಾವಳಿಯಂದು ಭಾರತೀಯ ಸೈನಿಕರು ಜಾಫ್ನಾ ಆಸ್ಪತ್ರೆಯನ್ನು ಹೊಕ್ಕಾಗ ರೋಗಿಗಳು, ದಾದಿಯರು, ವೈದ್ಯರು ಹತರಾದರು. ಅಲ್ಲಿಂದ ಉಗ್ರರು ಗುಂಡು ಹಾರಿಸಿದರೆಂಬುದು ಸೇನೆಯ ಕಡೆಯ ಮಾತು. ಅಲ್ಲಿದ್ದು ಬದುಕಿದವರ ಮಾತು ಬೇರೆ. ಧರ್ಮದ ವಿಷಯವನ್ನು ಎತ್ತಿಕೊಂಡವರು ಈ ಪುಟವನ್ನು ಹಾರಿಸಿ ಓದಲಾಗದು.

ಯುದ್ಧವು ನಾಲ್ಕು ಡಿವಿಜನ್‌ಗಳಷ್ಟು ಸೈನ್ಯವನ್ನು ಎಳೆದುಕೊಂಡಿತು. 1989ರ ಜೂನ್ 1ರಂದು ಹೊಸ ಅಧ್ಯಕ್ಷ ಪ್ರೇಮದಾಸರು, ಒಪ್ಪಂದಕ್ಕೆ ಎರಡು ವರ್ಷ ತುಂಬುವ ಜುಲೈ 29ರೊಳಗೆ ಭಾರತದ ಸೇನೆಯು ಹೊರಟುಹೋಗಬೇಕೆಂದು ಬಹಿರಂಗವಾಗಿ ಕೇಳಿದರು. ಆಗ ದೇಶದಲ್ಲಿ ನಡೆದ ವಾದವು ಬಹಳ ಹಳೆಯ ವಾದ. ಅರ್ಧದಲ್ಲಿ ಬಂದರೆ ಮಡಿದವರ ಪ್ರಾಣವು ವ್ಯರ್ಥವಾದಂತೆ ಎಂದು ಒಂದು ಪಕ್ಷ. ಇನ್ನೂ ಮಡಿಯುವವರ ಪ್ರಾಣಕ್ಕೆ ಹೊಣೆ ಯಾರೆಂದು ಇನ್ನೊಂದು. ಮೊದಲನೆಯ ಪಕ್ಷದವರಿಗೆ ಭಗವದ್ಗೀತೆಯ ಬೆಂಬಲವು ಸುಲಭವಾಗಿ ದೊರೆಯುತ್ತದೆ. ರಥದಲ್ಲಿ ಕುಸಿದು ಕುಳಿತ ಅರ್ಜುನನನ್ನು ಭಗವಂತನು ಎಬ್ಬಿಸಿದನಲ್ಲವೆ?

ಎಬ್ಬಿಸಿದನು, ನಿಜ. ಆದರೆ ಆ ಭಗವಂತನಿಗೇ ಗುಜರಾತಿನ ಡಾಕೋರಿನಲ್ಲಿ ರಣಛೋಡನೆಂದು, ರಣವನ್ನು ಬಿಟ್ಟವನೆಂದು ನಾಮಧೇಯವಿದೆ. ಆ ಹೆಸರಿನಿಂದಲೇ ಅವನಿಗೆ ಆರತಿ ನಡೆಯುತ್ತದೆ. ಜರಾಸಂಧನು ಮಥುರೆಯ ಮೇಲೆ ಮತ್ತೆ ಮತ್ತೆ ದಂಡೆತ್ತಿ ಬಂದಾಗ ಹದಿನೇಳು ಸಲ ಹಿಮ್ಮೆಟ್ಟಿಸಿದವನು, ಕಡೆಗೆ ಯಾದವರೆಲ್ಲರನ್ನೂ ದ್ವಾರಕೆಗೆ ಸಾಗಿಸಿದನು. ಗೆಲ್ಲಲಾರದೆ ಹೋದನೆಂದು ಯಾವ ಭಕ್ತನೂ ಹೇಳುವುದಿಲ್ಲ. ಪ್ರತಿ ಸಲದ ಗೆಲುವಿಗೂ ಮಥುರೆಯ ಜನ ಬೆಲೆ ತೆರುತ್ತಿದ್ದರು. ಅದು ಅವನಿಗೆ ಕಂಡಿತು. ಕುರುಕ್ಷೇತ್ರದಲ್ಲಿ ಅರ್ಜುನನು ಬಿಲ್ಲು ಕೆಳಗಿಟ್ಟುದು ತನ್ನ ಶೋಕದಿಂದ. ಮಥುರೆಯಲ್ಲಿ ಕೃಷ್ಣನು ರಣ ಬಿಟ್ಟುದು ತನ್ನನ್ನು ನಂಬಿದವರ ಪ್ರಾಣಕ್ಕಾಗಿ. ಹಿಂತೆಗೆಯಬೇಕೆ, ಬೇಡವೆ ಎಂಬ ಪ್ರಶ್ನೆಗೆ ಪುರಾಣವು ಒಂದೇ ಉತ್ತರ ಕೊಡುವುದಿಲ್ಲ. ಯಾರಿಗಾಗಿ ಎಂದು ಮರಳಿ ಕೇಳುತ್ತದೆ. ಲಂಕೆಯ ಯುದ್ಧವನ್ನು ಮುಂದುವರಿಸಬೇಕೆಂದವರು ದೇಶದ ಮಾನದ ಹೆಸರನ್ನು ಎತ್ತಿದಷ್ಟು ಅಲ್ಲಿದ್ದ ಯೋಧರ ಹೆಸರನ್ನಾಗಲಿ, ಜಾಫ್ನಾದ ಮನೆಗಳಲ್ಲಿದ್ದವರ ಹೆಸರನ್ನಾಗಲಿ ಎತ್ತಲಿಲ್ಲ. ಆತಿಥೇಯನೇ ಹೊರಡಿರೆಂದ ಬಳಿಕ ಅಲ್ಲಿ ನಿಲ್ಲುವುದಕ್ಕೆ ಧರ್ಮದ ಆಧಾರವು ಬಹಳ ತೆಳುವಾಗಿತ್ತು.

ಸೇನೆಯು ಮರಳಬೇಕಾಗಿತ್ತು, ಮರಳಿತು. 1989ರ ಡಿಸೆಂಬರಿನಲ್ಲಿ ವಿ. ಪಿ. ಸಿಂಗರ ಸರ್ಕಾರವು ಬಂದು, ಆಗಲೇ ಆರಂಭವಾಗಿದ್ದ ವಾಪಸಾತಿಯನ್ನು ಪೂರ್ಣಗೊಳಿಸಿತು. 1990ರ ಮಾರ್ಚ್ 24ರಂದು ಕೊನೆಯ ತುಕಡಿಯು ತ್ರಿಕೋಣಮಲೆಯನ್ನು ಬಿಟ್ಟಿತು. ಸುಮಾರು 1,200 ಯೋಧರು ಮರಳಲಿಲ್ಲ.

ಇಲ್ಲಿಗೆ ವಿಷಯವು ಮುಗಿಯಿತೆನ್ನುವವರು ಉಪಸಂಹಾರವೆಂದರೆ ಹಡಗು ಹತ್ತುವುದೆಂದು ತಿಳಿದವರು. ಭಾರತವನ್ನು ನಂಬಿ ಈಶಾನ್ಯ ಪ್ರಾಂತದ ಆಡಳಿತವನ್ನು ವಹಿಸಿಕೊಂಡಿದ್ದ ತಮಿಳರು ಅಲ್ಲಿದ್ದರು. ಸೇನೆಯು ಹಿಂದೆ ಸರಿದಂತೆ ಹುಲಿಗಳು ಅವರ ಮೇಲೆ ಬಿದ್ದರು. ಮುಖ್ಯಮಂತ್ರಿ ವರದರಾಜ ಪೆರುಮಾಳರು ದೇಶ ಬಿಟ್ಟು ಭಾರತಕ್ಕೆ ಬಂದರು. ಅವರ ಪಕ್ಷದ ನಾಯಕ ಪದ್ಮನಾಭರು 1990ರ ಜೂನ್‌ನಲ್ಲಿ ಮದ್ರಾಸಿನಲ್ಲಿಯೇ ಹತರಾದರು. ಅದೇ ತಿಂಗಳು ಲಂಕೆಯಲ್ಲಿ ಮತ್ತೆ ಹೊತ್ತಿದ ಯುದ್ಧವು ಆರಿದ್ದು 2009ರ ಮೇ ತಿಂಗಳಿನಲ್ಲಿ. ನಡುವೆ 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿಯವರೂ, 1993ರ ಮೇ 1ರಂದು ಕೊಲಂಬೋದಲ್ಲಿ ಪ್ರೇಮದಾಸರೂ ಬಾಂಬಿಗೆ ಬಲಿಯಾದರು. ಕಳುಹಿಸಿದವರನ್ನೂ ಹೊರಡಿಸಿದವರನ್ನೂ ಆ ಬೆಂಕಿಯು ಬಿಡಲಿಲ್ಲ.

ಮರಳಿದ ಯೋಧರಿಗೆ ದೊರೆತ ಸ್ವಾಗತವನ್ನೂ ಹೇಳಬೇಕು. ಮದ್ರಾಸಿನ ಬಂದರಿಗೆ ಅವರು ಬಂದಿಳಿದಾಗ, ತಮಿಳರ ಮೇಲೆ ಗುಂಡು ಹಾರಿಸಿದ ಸೇನೆಯೆಂಬ ಕಾರಣದಿಂದ, ರಾಜ್ಯದ ಮುಖ್ಯಮಂತ್ರಿ ಕರುಣಾನಿಧಿಯವರು ಸ್ವಾಗತಿಸಲು ಬರಲಿಲ್ಲ. ಅವರ ಮನಸ್ಸಿನ ನೋವು ಅರ್ಥವಾಗದ ಮಾತಲ್ಲ. ಜಾಫ್ನಾದಲ್ಲಿ ಸತ್ತವರು ಅವರ ಭಾಷೆಯವರೇ. ಆದರೂ ಯೋಧನು ತಾನಾಗಿ ಹೋದವನಲ್ಲ, ರಾಷ್ಟ್ರವು ಬಿಟ್ಟ ಬಾಣ. ಬಿಟ್ಟವರ ವಿವೇಚನೆಗೆ ಬಾಣವನ್ನು ದೂರುವುದು ನ್ಯಾಯವಲ್ಲ. ಪುಣೆಯ ದಂಡಿನ ಪ್ರದೇಶದಲ್ಲಿ ನಾಗರಿಕರು ತಮ್ಮ ವಂತಿಗೆಯಿಂದಲೇ ಯುದ್ಧಸ್ಮಾರಕವನ್ನು ಕಟ್ಟಿಸಿದ್ದಾರೆ. ಸೀಮೋಲ್ಲಂಘನಕ್ಕೆಂದು ಹೊರಟವರು ಅಲ್ಲಿಯವರೆಗೆ ಹೋಗಿ ಒಂದು ಬನ್ನಿಯ ಎಲೆಯನ್ನಿಟ್ಟು ಬಂದರೆ ಆಚಾರಕ್ಕೆ ಲೋಪವೇನೂ ಬಾರದು.

ಮೊದಲು ಲಂಕೆಗೆ ಹೋದ ಸೇನೆಯನ್ನು ಅದರ ಒಡೆಯನು ಹೇಗೆ ಕರೆತಂದನೆಂಬುದು ಯುದ್ಧಕಾಂಡದ ಕೊನೆಯ ಸರ್ಗಗಳಲ್ಲಿದೆ. ದಸರೆಯಲ್ಲಿ ರಾವಣವಧೆಯವರೆಗೆ ಪಾರಾಯಣ ಮಾಡಿ ಮಂಗಳಾರತಿ ಎತ್ತುವವರಿಗೆ ಈ ಭಾಗವು ಅಷ್ಟಾಗಿ ಪರಿಚಯವಿರುವುದಿಲ್ಲ. ರಾಮನು ಗೆದ್ದ ನಗರದೊಳಗೆ ಕಾಲಿಡಲಿಲ್ಲ. ಲಕ್ಷ್ಮಣನನ್ನು ಕಳುಹಿಸಿ, ಶರಣು ಬಂದಾಗ ಕೊಟ್ಟ ಮಾತಿನಂತೆ ವಿಭೀಷಣನಿಗೆ ಪಟ್ಟ ಕಟ್ಟಿಸಿದನು. ನಂಬಿದವನ ರಕ್ಷಣೆಯ ವ್ಯವಸ್ಥೆ ಮೊದಲು, ಹೊರಡುವ ಮಾತು ಆಮೇಲೆ. ಕೆಲವು ದಿನ ನಿಂತು ಸತ್ಕಾರವನ್ನು ಸ್ವೀಕರಿಸಬೇಕೆಂದು ವಿಭೀಷಣನು ಬೇಡಿಕೊಂಡಾಗ, ಭರತನು ಕಾಯುತ್ತಿದ್ದಾನೆಂದು ಹೇಳಿ ಒಪ್ಪಲಿಲ್ಲ. ಸತ್ಕಾರವನ್ನು ವಾನರರಿಗೆ ಮಾಡು, ಪ್ರಾಣದ ಹಂಗು ತೊರೆದು ಹೋರಾಡಿದವರು ಅವರು ಎಂದನು. ವಿಭೀಷಣನು ರತ್ನಗಳನ್ನೂ ಧನವನ್ನೂ ತರಿಸಿ ಹಂಚಿದನು.

ಅದಕ್ಕೂ ಮುನ್ನ ಇಂದ್ರನು ಪ್ರಸನ್ನನಾಗಿ ವರವನ್ನು ಕೇಳೆಂದಿದ್ದನು. ಹದಿನಾಲ್ಕು ವರ್ಷ ರಾಜ್ಯವಿಲ್ಲದೆ ಅಲೆದವನು, ಹೆಂಡತಿಗಾಗಿ ಸಮುದ್ರಕ್ಕೆ ಸೇತುವೆ ಕಟ್ಟಿದವನು ಆಗ ತನಗಾಗಿ ಏನನ್ನೂ ಕೇಳಲಿಲ್ಲ. ನನ್ನ ನಿಮಿತ್ತ ಯಮಲೋಕಕ್ಕೆ ಹೋದ ವಾನರರೆಲ್ಲ ಎದ್ದು ಬರಲಿ, ಗಾಯವಿಲ್ಲದೆ, ನೋವಿಲ್ಲದೆ ತಮ್ಮವರನ್ನು ಕೂಡಿಕೊಳ್ಳಲಿ. ಅವರಿರುವೆಡೆಯಲ್ಲಿ ಕಾಲವಲ್ಲದ ಕಾಲದಲ್ಲಿಯೂ ಗಿಡಗಳು ಹಣ್ಣು ಬಿಡಲಿ ಎಂದನು. ಇಂಥ ವರವು ಸುಲಭವಲ್ಲವೆಂದು ಇಂದ್ರನೇ ಹೇಳಿ, ಆದರೂ ಕೊಟ್ಟನು. ಸತ್ತು ಬಿದ್ದಿದ್ದ ವಾನರರು ನಿದ್ರೆಯಿಂದ ಎದ್ದವರಂತೆ ಎದ್ದು, ಇದೇನೆಂದು ಒಬ್ಬರನ್ನೊಬ್ಬರು ನೋಡಿದರು.

ಆಮೇಲೆ ಅಯೋಧ್ಯೆಯವರೆಗೂ ಅವರನ್ನು ಕರೆದೊಯ್ದನು. ವಿಮಾನದಲ್ಲಿ ಎಲ್ಲರಿಗೂ ಸ್ಥಳವಾಯಿತು. ನಗರವನ್ನು ಸೇರಿದೊಡನೆ, ಪಟ್ಟಾಭಿಷೇಕಕ್ಕೆ ಮೊದಲೇ, ಭರತನನ್ನು ಕರೆದು, ಅಶೋಕವನವಿರುವ ತನ್ನ ದೊಡ್ಡ ಅರಮನೆಯನ್ನು ಸುಗ್ರೀವನಿಗೆ ಬಿಡಾರವಾಗಿ ಬಿಟ್ಟುಕೊಡುವಂತೆ ಹೇಳಿದನು. ಭರತನು ಸುಗ್ರೀವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದನು.