ಸ್ತ್ರೀಯರ ಉದ್ಯಮವೂ ಸ್ವಾಮ್ಯವೂ

ಕೃಷಿ, ಪಶುಪಾಲನೆ, ವಾಣಿಜ್ಯ ಈ ಮೂರನ್ನೂ ಕೂಡಿಸಿ ನಮ್ಮ ಪ್ರಾಚೀನರು ‘ವಾರ್ತಾ’ ಎಂದು ಹೆಸರಿಟ್ಟರು. ಈ ಶಬ್ದಕ್ಕೂ ‘ವೃತ್ತಿ’ ಎಂಬುದಕ್ಕೂ ಧಾತುವೊಂದೇ. ಬಾಳುವೆಗಾಗಿ ವ್ಯಾಪಾರವೆಂಬ ಅರ್ಥವು ಶಬ್ದದಲ್ಲಿಯೇ ಅಡಗಿರುವುದು. ಲೋಕದಲ್ಲಿ ಕಾಣುವುದಾದರೋ ಇದರ ವಿಪರ್ಯಾಸ: ವ್ಯಾಪಾರದ ಹೊತ್ತುಗೊತ್ತುಗಳಿಗೆ ತಕ್ಕಂತೆ ಮನುಷ್ಯನು ತನ್ನ ಬಾಳನ್ನು ಕತ್ತರಿಸಿಕೊಳ್ಳುತ್ತಾನೆ. ಹೀಗಿರುವಲ್ಲಿ ಹೆಂಗಸರು ತಾವೇ ಒಂದು ಉದ್ಯಮವನ್ನು ಕಟ್ಟಿ, ಅದನ್ನು ತಮ್ಮ ಬಾಳಿಗೂ ತಾವು ನಂಬಿದ ನಡತೆಗೂ ಹೊಂದುವಂತೆ ತಿದ್ದಿಕೊಂಡರೆ ಅದು ಸ್ವಾತಂತ್ರ್ಯವೋ, ಹಳೆಯ ಕಟ್ಟೇ ಹೊಸ ವೇಷದಲ್ಲಿ ಬಂದುದೋ ಎಂಬುದು ವಿಚಾರಾರ್ಹವಾಗಿದೆ.

ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಸೂತ್ರಾಧ್ಯಕ್ಷನ ಪ್ರಕರಣವೊಂದುಂಟು. ಮನೆಯಿಂದ ಹೊರಡದ ಸ್ತ್ರೀಯರಿಗೂ ವಿಧವೆಯರಿಗೂ ಅಂಗವಿಕಲೆಯರಿಗೂ ನೂಲುವ ಕೆಲಸವನ್ನು ದಾಸಿಯರ ಮೂಲಕ ಮನೆಗೇ ಕಳುಹಿಸಬೇಕು. ವೇತನ ಕೊಡುವ ಕಾಲವನ್ನು ಮೀರಿದರೆ ದಂಡ. ನೂಲು ಒಪ್ಪಿಸಲು ಬಂದವಳ ಮುಖವನ್ನು ದಿಟ್ಟಿಸಿದರೂ ದಂಡ. ಇಷ್ಟು ದಾಕ್ಷಿಣ್ಯವು ಈಗಿನ ಎಷ್ಟೋ ಕಾರ್ಖಾನೆಗಳಲ್ಲಿ ಕಾಣಸಿಕ್ಕದು. ಆದರೂ ನೂಲಿನ ನಯವನ್ನು ನೋಡಿ ಬೆಲೆ ಕಟ್ಟುವವನು ಅಧ್ಯಕ್ಷನೇ. ಕೆಲಸವು ಮನೆಗೆ ಬಂದಿತು, ಯಜಮಾನಿಕೆಯು ಬರಲಿಲ್ಲ.

ಸ್ಮೃತಿಕಾರರಲ್ಲಿ ಕೆಲವರ ಮಾತು ಇನ್ನೂ ಕಠಿನ. ಸ್ತ್ರೀಯು ಶಿಲ್ಪದಿಂದ ಗಳಿಸಿದ ಧನಕ್ಕೆ ಪತಿಯೇ ಸ್ವಾಮಿಯೆಂದು ಕಾತ್ಯಾಯನನ ಮತ. ನಮ್ಮ ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಸ್ತ್ರೀಧನದ ವ್ಯಾಪ್ತಿಯನ್ನು ಬಹಳ ಹಿಗ್ಗಿಸಿದನೆಂಬುದೊಂದು ಸಮಾಧಾನ.

ಪಾಠಶಾಲೆಯಲ್ಲಿ ಕಾತ್ಯಾಯನನ ಆ ಶ್ಲೋಕವನ್ನು ಕಂಠಪಾಠಮಾಡಿದಾಗ ನನಗೆ ಏನೂ ಅನ್ನಿಸಲಿಲ್ಲ. ನಮ್ಮ ಸೋದರತ್ತೆಯವರು ಚಿಕ್ಕಂದಿನಲ್ಲೇ ವಿಧವೆಯಾಗಿ ನಮ್ಮ ಮನೆಯಲ್ಲಿದ್ದರು. ಬೇಸಗೆ ಬಂದಿತೆಂದರೆ ಉದ್ದಿನ ಹಿಟ್ಟನ್ನು ಕಲಸಿ ಕುಟ್ಟಿ ಕೇರಿಯ ಹತ್ತಾರು ಮನೆಗಳಿಗೆ ಹಪ್ಪಳ ಲಟ್ಟಿಸಿ ಕೊಡುತ್ತಿದ್ದರು. ಬಂದ ಹಣವು ನಮ್ಮ ತಂದೆಯವರ ಕೈ ಸೇರುತ್ತಿತ್ತು. ನನ್ನ ಪುಸ್ತಕಗಳೂ ಅದರಲ್ಲಿಯೇ ಬಂದಿರಬೇಕು. ಒಮ್ಮೆ ಕೇರಿಯವರು ಕಾಶಿಗೆ ಹೊರಟಾಗ ಅತ್ತೆಯವರು ದಾರಿಯ ಖರ್ಚಿಗೆ ಕೇಳಿದರು. “ನಿನಗೇಕಮ್ಮ ದುಡ್ಡು? ಊಟಕ್ಕೇನು ಕಡಮೆಯಾಗಿದೆ?” ಎಂದರು ತಂದೆಯವರು. ಕಠಿನರೇನೂ ಅಲ್ಲ, ಅವರಿಗೆ ಅದು ಸಹಜವಾಗಿ ತೋರಿತು. ಅತ್ತೆಯವರು ಮತ್ತೆ ಕೇಳಲಿಲ್ಲ. ಮಾರನೆಯ ದಿನವೂ ಮಣೆಯ ಮುಂದೆ ಕುಳಿತರು. ನಾನು ಪಕ್ಕದಲ್ಲಿ ಶ್ಲೋಕ ಉರುಹಚ್ಚುತ್ತಿದ್ದೆ. ಅತ್ತೆಯವರಿಗೆ ಪತಿಯೇ ಇಲ್ಲವಾದುದರಿಂದ ಕಾತ್ಯಾಯನನ ಮತದಂತೆಯೂ ಆ ಹಣ ನಮ್ಮ ತಂದೆಯವರದಲ್ಲವೆಂಬ ತರ್ಕವು ನನಗೆ ಹೊಳೆದದ್ದು ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ! ಸ್ತ್ರೀಯು ಸ್ವಂತ ಕೌಶಲದಿಂದ ಗಳಿಸಿದ ಸ್ವತ್ತಿಗೆ ಅವಳೇ ಪೂರ್ಣಸ್ವಾಮಿನಿಯೆಂದು 1956ರ ಹಿಂದೂ ಉತ್ತರಾಧಿಕಾರ ಶಾಸನವು ಸಾರಿತ್ತಷ್ಟೆ. ನಮ್ಮ ಕೇರಿಗೆ ಆ ಸುದ್ದಿ ಮುಟ್ಟಿರಲಿಲ್ಲ.

ಅದೇ ಹಪ್ಪಳದ ಇನ್ನೊಂದು ವೃತ್ತಾಂತವನ್ನು ನೋಡಿರಿ. 1959ನೆಯ ಮಾರ್ಚಿ 15ರಂದು ಮುಂಬಯಿಯ ಗಿರಗಾಂವದಲ್ಲಿ ಜಸವಂತಿಬೆನ್ ಪೋಪಟರೇ ಮೊದಲಾದ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ತಂದು, ತಾವಿದ್ದ ಕಟ್ಟಡದ ಮಾಳಿಗೆಯ ಮೇಲೆ ಕುಳಿತು ಹಪ್ಪಳ ಲಟ್ಟಿಸಿದರು. ಮೊದಲನೆಯ ದಿನ ಆದುದು ನಾಲ್ಕು ಕಟ್ಟು. ನಷ್ಟವಾದರೂ ಯಾರಲ್ಲಿಯೂ ದಾನ ಬೇಡತಕ್ಕದ್ದಲ್ಲವೆಂದು ನಿಶ್ಚಯಿಸಿದರು. ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಂತಿತು; ಮರುವರ್ಷ ಮಂಚದ ಮೇಲೆ ಹಪ್ಪಳ ಹರಡಿ ಕೆಳಗೆ ಒಲೆಯಿಟ್ಟರು. ಅದೇ ಈಗಿನ ‘ಲಿಜ್ಜತ್ ಪಾಪಡ್’. ಸದಸ್ಯೆಯರು 40 ಸಾವಿರಕ್ಕೂ ಮಿಕ್ಕಿದ್ದಾರೆ. ಜಸವಂತಿಬೆನ್ನರಿಗೆ 2021ರಲ್ಲಿ ಪದ್ಮಶ್ರೀ ಘೋಷಿತವಾಯಿತು.

ಬೆಳಗಿನ ಜಾವ ಶಾಖೆಯಲ್ಲಿ ಕಲಸಿದ ಹಿಟ್ಟನ್ನು ಮನೆಗೆ ಒಯ್ದು, ಅನ್ನಕ್ಕಿಡುವ, ಮಗುವಿಗೆ ನೀರೆರೆಯುವ ಕೆಲಸಗಳ ನಡುವೆ ಲಟ್ಟಿಸಿ ಒಣಗಿಸಿ, ಮಾರನೆಯ ದಿನ ಒಪ್ಪಿಸಿ ಕೂಲಿ ಪಡೆಯುವುದು ಅವರ ಕ್ರಮ. ಲಾಭದಲ್ಲಿಯೂ ಪಾಲುಂಟು. ಎಲ್ಲರೂ ಒಡತಿಯರು, ಪರಸ್ಪರ ಸಂಬೋಧನೆ ‘ಬೆಹನ್’ ಎಂದು. ಗಂಡಸರು ಸಂಬಳಕ್ಕೆ ಇರಬಹುದು, ಒಡೆತನಕ್ಕಲ್ಲ.

ಇಲ್ಲಿ ಪೂರ್ವಪಕ್ಷವೊಂದನ್ನು ಕೇಳಲೇಬೇಕು. ಮನೆಗೆಲಸವನ್ನು ತಗ್ಗಿಸದೆ ಅದರ ಮೇಲೆ ಮತ್ತೊಂದನ್ನು ಹೇರಿದಂತಾಗಲಿಲ್ಲವೆ? ಮನೆಯೇ ಕಾರ್ಖಾನೆಯಾದರೆ ಬಿಡುವೆಲ್ಲಿ? ಈ ಆಕ್ಷೇಪವನ್ನು ಪೂರ್ತಿಯಾಗಿ ಖಂಡಿಸಲು ನಾನು ಶಕ್ತನಲ್ಲ. ಮನೆಯ ಗಂಡಸರು ಒಲೆಯ ಕೆಲಸವನ್ನು ಹಂಚಿಕೊಳ್ಳುವವರಾಗಿದ್ದರೆ ಆ ಏಳು ಮಂದಿಯ ಉದ್ಯಮವು ಬೇರೊಂದು ರೂಪವನ್ನೇ ತಾಳುತ್ತಿತ್ತೇನೋ. ಬಾಳಿಗೆ ತಕ್ಕ ವ್ಯಾಪಾರವೆಂದೊಡನೆ, ಆ ಬಾಳನ್ನು ಗೊತ್ತುಮಾಡಿದವರು ಯಾರೆಂಬ ಪ್ರಶ್ನೆಯು ಉಳಿದೇ ಇರುತ್ತದೆ. ಆದರೆ ಕೆಲಸದ ಸ್ಥಳವು ಮನೆಯೋ ಪೇಟೆಯೋ ಎಂಬಷ್ಟರಿಂದಲೇ ದಾಸ್ಯವನ್ನು ನಿರ್ಣಯಿಸಲಾಗದು. ಕೂಲಿಯ ದರ, ಲಾಭದ ಹಂಚಿಕೆ, ಹಿಟ್ಟಿನ ಶುದ್ಧಿ ಇವುಗಳ ಬಗ್ಗೆ ಕೊನೆಯ ಮಾತು ಯಾರದೆಂದು ನೋಡಬೇಕು. ಗಿರಗಾಂವದ ಹೆಂಗಸರಿಗೂ ನಮ್ಮ ಅತ್ತೆಯವರಿಗೂ ಮಣೆ, ಲಟ್ಟಣಿಗೆ, ಕೈಚಳಕ ಇವುಗಳಲ್ಲಿ ಯಾವ ಭೇದವೂ ಇರಲಿಲ್ಲ.

ಅತ್ತೆಯವರ ಪೆಟ್ಟಿಗೆಯಲ್ಲಿ ಕೊನೆಗೆ ದೊರೆತುವು ಎರಡು ಸೀರೆ, ಒಂದು ಜಪಸರ. ಅವರ ದುಡಿಮೆಯ ಹಣ ಅವರ ಸೆರಗಿನಲ್ಲಿಯೇ ಇದ್ದಿದ್ದರೆ ಕಾಶಿಗೆ ಹೋಗುತ್ತಿದ್ದರೋ, ಅದನ್ನೂ ನನ್ನ ಪುಸ್ತಕಗಳಿಗೇ ಕೊಡುತ್ತಿದ್ದರೋ ಹೇಳಲಾರೆ. ಕೊಟ್ಟಿದ್ದರೆ ಅದನ್ನು ದಾನವೆಂದು ನಾನು ಸ್ವೀಕರಿಸಬಹುದಾಗಿತ್ತು.